ಪಗಾರ ಕೇಳಬಹುದು, ಕುರಿ ಕೇಳಬಾರದು

ನಮ್ಮ ಮನೆಯಲ್ಲಿ ಕುರಿ ಎಷ್ಟಿವೆ ಎಂದು ಯಾರೂ ಕೇಳುವಂತಿಲ್ಲ. ಕೇಳಿದರೆ ದೃಷ್ಟಿಯಾಗುತ್ತದಂತೆ. ಹೊಸಬರು ಯಾರಾದರೂ ಬಾಯಿತಪ್ಪಿ ಕೇಳಿದರೆ ಅಪ್ಪ ಮುಖ ಆಚೆ ಮಾಡಿ, "ದೇವ್ರು ಕೊಟ್ಟಷ್ಟು ಅದಾವ್ರಿ" ಎಂದು ಮಾತು ಮುಗಿಸಿಬಿಡುತ್ತಾನೆ. ನನ್ನ ಪಗಾರಕ್ಕೆ ಮಾತ್ರ ಅಂಥ ದೃಷ್ಟಿಗಿಷ್ಟಿ ಏನೂ ಇಲ್ಲ. ನಮ್ಮೂರಿಗೆ ಹೋಗುವ ಯಾಲಾಲ್ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರೆಲ್ಲ ಅದನ್ನು ಕೇಳಬಹುದು, ಅಪ್ಪನೂ ಹೇಳಬಹುದು.

ತಾಂಡೂರಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಟೀಚರ್. ಕೈಗೆ ಬರುವುದು ಹತ್ತು ಸಾವಿರ. ಹೆಣ್ಣು ನೋಡಲು ತಾಂಡೂರಿನಿಂದಲೇ ಒಂದು ಮನೆಯವರು ಬಂದಿದ್ದರು. ಚಹಾದ ತಟ್ಟೆ ಇನ್ನೂ ನನ್ನ ಕೈಯಲ್ಲಿತ್ತು. ಹುಡುಗನ ತಾಯಿ, "ಹುಡುಗಿ ಪಗಾರ ಎಷ್ಟರಿ?" ಎಂದರು. ಅಪ್ಪ ನನ್ನ ಕಡೆ ನೋಡಲಿಲ್ಲ. "ಹದಿನೈದ್ ಸಾವಿರರಿ" ಎಂದ. ಅಷ್ಟು ಜನರ ಮುಂದೆ ಹೆತ್ತವನನ್ನು ಸುಳ್ಳುಗಾರ ಮಾಡಲು ನನ್ನಿಂದ ಆಗಲಿಲ್ಲ. ಸಂಬಂಧ ಅಲ್ಲೇ ಕುದುರಿತು.

"ಏನ್ ಮಾಡ್ದಿಯಪ್ಪ ಇದು?" ಎಂದು ಆಮೇಲೆ ಜಗಳ ತೆಗೆದೆ.

"ವರ್ಷದಾಗ ಅಷ್ಟ ಆಗ್ತದಲ್ಲ ಯವ್ವಾ. ಅಲ್ಲಿತನ ನಾ ನೋಡ್ಕೊತೀನಿ" ಎಂದ.

ನೋಡಿಕೊಂಡ, ಇಲ್ಲ ಅನ್ನುವುದಿಲ್ಲ. ಮದುವೆಯಾದಾಗಿನಿಂದ ಪ್ರತಿ ತಿಂಗಳು ಪಗಾರದ ದಿನ ಶಾಲೆ ಬಿಡುವ ಹೊತ್ತಿಗೆ ಅಪ್ಪ ಗೇಟಿನ ಹತ್ತಿರ ನಿಂತಿರುತ್ತಾನೆ. ಟವೆಲ್ಲಿನ ಗಂಟು ಬಿಚ್ಚಿ ಐದು ಸಾವಿರ ಕೊಡುತ್ತಾನೆ. ಅದನ್ನು ಶಾಲೆಯವರು ಕೊಟ್ಟ ಕವರಿಗೆ ತುರುಕಿ ಮನೆಗೆ ಒಯ್ಯುತ್ತೇನೆ. ಅತ್ತೆ ಕವರಿಗೆ ಕುಂಕುಮ ಹಚ್ಚಿ ದೇವರ ಮುಂದಿಡುತ್ತಾರೆ. ನಾನು ಬೇಡವೆಂದರೂ ಅದರಿಂದಲೇ ಒಂದು ನೋಟು ತೆಗೆದು, "ಸೀರಿ ತಗೋ" ಎಂದು ನನ್ನ ಕೈಗಿಡುತ್ತಾರೆ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಗಂಡನಿಗೆ ಮೊದಲ ತಿಂಗಳೇ ಹೇಳಬೇಕಿತ್ತು. ಎರಡನೆಯ ತಿಂಗಳಿಗೆ ಆ ಸುಳ್ಳು ಅಪ್ಪನದಷ್ಟೇ ಆಗಿ ಉಳಿದಿರಲಿಲ್ಲ, ನನ್ನದೂ ಆಗಿತ್ತು.

ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು. ಪಗಾರ ಒಂದು ರೂಪಾಯಿ ಏರಲಿಲ್ಲ.

ಅತ್ತೆಯ ತಂಗಿಯ ಮಗಳು ನಮ್ಮ ಶಾಲೆಯಲ್ಲೇ ಟೀಚರ್. ಗಟ್ಟಿ ಹುಡುಗಿ. ಹೋದ ತಿಂಗಳು ಸ್ಟಾಫ್ ರೂಮಿನ ಬಾಗಿಲು ಹಾಕಿ ಎಲ್ಲರನ್ನೂ ಕೂರಿಸಿದಳು. "ನಾವು ಮುಚ್ಚಿಡ್ತೀವಿ ಅಂತ್ಲೇ ಮ್ಯಾನೇಜ್‌ಮೆಂಟಿನವ್ರು ಹಿಂಗ ಆಡಸ್ಲಿಕತ್ತಾರ. ಒಬ್ಬೊಬ್ರ ಪಗಾರ ಹೇಳ್ರಿ, ಎಲ್ಲರೂ ಕೂಡಿ ಹೋಗಿ ಕೇಳಾಮು" ಎಂದಳು. ತನ್ನದು ಒಂಬತ್ತು ಎಂದು ತಾನೇ ಮೊದಲು ಹೇಳಿದಳು. ಉಳಿದವರೂ ಹೇಳಿದರು. ಎಲ್ಲರದೂ ಒಂಬತ್ತು, ಹತ್ತು. ನನಗೆ ಒಳಗೊಳಗೇ ಆಸೆ ಹುಟ್ಟಿತು. ಕೂಡಿ ಕೇಳಿದರೆ ಕೊಟ್ಟಾರು, ಅಪ್ಪ ಗೇಟಿಗೆ ಬರುವುದು ನಿಂತೀತು ಅನಿಸಿತು.

"ವೈನಿ, ನಿಮ್ದು?" ಎಂದು ಅತ್ತಿಗೆಯಾದ ನನ್ನ ಕಡೆ ತಿರುಗಿದಳು.

ಹತ್ತು ಎಂದರೆ ಸುದ್ದಿ ಸಂಜೆಯೊಳಗೆ ಅತ್ತೆಗೆ ಮುಟ್ಟುತ್ತದೆ. ಹದಿನೈದು ಎನ್ನಲು ನಾಲಿಗೆ ಹೊರಳಲಿಲ್ಲ. ಚಾಕ್‌ಪೀಸಿನ ಡಬ್ಬಿ ಮುಚ್ಚುತ್ತ, ತೆಗೆಯುತ್ತ ಕೂತೆ.

ಅವಳು ನಕ್ಕಳು. "ಯಾಕ್ ನಾಚ್ಕೋತೀರಿ, ನನಗ ಗೊತ್ತದ. ದೊಡ್ಡವ್ವ, ನಿಮ್ಮತ್ತಿ, ಓಣಿಗೆಲ್ಲ ಹೇಳ್ಯಾಳ, ಹದಿನೈದು ಅಂತ."

ಒಬ್ಬೊಬ್ಬರೇ ಎದ್ದು ಹಾಜರಿ ಪುಸ್ತಕ ಹಿಡಿದು ಹೊರಟರು. ಇವಳಿಗೆ ಅಷ್ಟು ಕೊಡುತ್ತಾರೆಂದರೆ ಇವಳು ಮ್ಯಾನೇಜ್‌ಮೆಂಟಿನ ಕಡೆಯವಳೇ, ನಮ್ಮ ಮಾತೆಲ್ಲ ಅಲ್ಲಿ ಮುಟ್ಟಿಸುತ್ತಾಳೆ ಎಂದು ಹೆದರಿದ್ದರು. ಅಂದಿನಿಂದ ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಯಾರೂ ಹೋಗಿ ಕೇಳಲಿಲ್ಲ, ಯಾರಿಗೂ ಏರಲಿಲ್ಲ. ನನಗಂತೂ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಮೊನ್ನೆ ಭಾನುವಾರ ತವರಿಗೆ ಹೋಗಿದ್ದೆ. ಸಂಜೆ ಅಪ್ಪ ಕುರಿ ಹೊಡೆದುಕೊಂಡು ಬಂದ. ಮೊದಲೆಲ್ಲ ಒಲೆಯ ಮೇಲೆ ಚಹಾ ಇಟ್ಟರೆ, ಅದು ಕುದಿದು ಸೋಸಿದರೂ ಕುರಿಗಳು ಇನ್ನೂ ದೊಡ್ಡಿಯೊಳಗೆ ಹೋಗುತ್ತಲೇ ಇರುತ್ತಿದ್ದವು. ಮೊನ್ನೆ ಸಕ್ಕರೆ ಹಾಕುವಷ್ಟರಲ್ಲಿ ಅಪ್ಪ ಬಾಗಿಲಿಗೆ ಮುಳ್ಳು ಎಳೆದಾಗಿತ್ತು. ಬೇಲಿಯನ್ನೂ ಒಳಕ್ಕೆ ಸರಿಸಿದ್ದ.

ತಡೆಯಲಾಗಲಿಲ್ಲ. "ಅಪ್ಪ, ಎಷ್ಟ್ ಉಳದಾವ?" ಎಂದುಬಿಟ್ಟೆ.

ಅಪ್ಪ ಮುಖ ಆಚೆ ಮಾಡಿದ. "ದೇವ್ರು ಕೊಟ್ಟಷ್ಟು ಅದಾವ" ಎಂದ. ಹೊಸಬರಿಗೆ ಕೊಡುವ ಆ ಉತ್ತರವನ್ನು ನನಗೆ ಕೊಟ್ಟದ್ದು ಅದೇ ಮೊದಲು.