ಗೋಡೆ ಮುಟ್ಟಿದರೆ ಒಂದು

ಒದ್ದೆ ಟವೆಲ್ ಕೈಗೆ ಬಂದರೆ ಸಾಕು, ಅದನ್ನು ಬಳಸಿದವರು ಈಜಿದ್ದಾರೋ, ಬರೀ ಸ್ನಾನ ಮಾಡಿ ಹೊರಟಿದ್ದಾರೋ ಎಂದು ನಮ್ಮ ಅತ್ತೆ ಹೇಳಿಬಿಡುತ್ತಾಳೆ. ಈಜಿದವರ ಟವೆಲ್ಲಿಗೆ ಕೊಳದ ಔಷಧಿಯ ವಾಸನೆ, ಸ್ನಾನದವರದಕ್ಕೆ ಸೋಪಿನದು. ಮೂಗಿನ ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ, "ಇವರು ಇವತ್ತು ನೀರಿಗೇ ಇಳಿದಿಲ್ಲ" ಎಂದು ಗೊಣಗಿ ಬುಟ್ಟಿಗೆ ಎಸೆಯುತ್ತಾಳೆ. ಹೇಳು ಎಂದು ಅವಳನ್ನು ಯಾರೂ ಕೇಳಿರುವುದಿಲ್ಲ.

ಅಪ್ಪನ ತಂಗಿ ಅವಳು. ಮದುವೆಯಾಗಲಿಲ್ಲ, ನಮ್ಮ ಜೊತೆಯೇ ಇದ್ದಾಳೆ. ನೋಡಲು ಬಂದ ಗಂಡುಗಳಲ್ಲೆಲ್ಲ ಅವಳಿಗೆ ಏನಾದರೊಂದು ಅನುಮಾನ. ಒಬ್ಬ ಜಾಸ್ತಿ ನಗುತ್ತಾನೆ, ಇನ್ನೊಬ್ಬ ನಗುವುದೇ ಇಲ್ಲ, ಮೂರನೆಯವನು ಚಪ್ಪಲಿಯನ್ನು ತೀರಾ ನೀಟಾಗಿ ಬಿಟ್ಟಿದ್ದ. ಅಮ್ಮ ಅವಳನ್ನು ಸಿಐಡಿ ಎನ್ನುತ್ತಾಳೆ. "ನಮ್ಮನೆಗೆ ಬೀಗ ಯಾಕ್ರೀ, ನಾದಿನಿ ಇದ್ದಾಳಲ್ಲ" ಎಂದು ನೆಂಟರ ಮುಂದೆ ನಗುತ್ತಾಳೆ. ಅತ್ತೆಗೆ ಸಿಟ್ಟು ಬರುವುದಿಲ್ಲ. ಅದನ್ನು ಅವಳು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಾಳೆ.

ಊರು ದಾಟಿ ಕಾಲು ಗಂಟೆ ಬಸ್ಸಿನಲ್ಲಿ ಹೋದರೆ, ಹೊಲಗಳ ನಡುವೆ ಒಂದು ಹಳೆಯ ಹೋಟೆಲ್ಲು. ಅದರ ಬಲಪಕ್ಕದ ಗಾಜಿನ ಕಟ್ಟಡವೇ ಕ್ಲಬ್ಬು. ಒಳಗೆ ಜಿಮ್, ಹಬೆ ಕೋಣೆ, ಬೆಚ್ಚಗಿನ ನೀರಿನ ಈಜುಕೊಳ. ಚಳಿಗಾಲದ ಬೆಳಿಗ್ಗೆ ಗಾಜೆಲ್ಲ ಬೆವರುತ್ತದೆ, ನೀರಿನ ಬೆಳಕು ಚಾವಣಿಯಲ್ಲಿ ನಿಧಾನಕ್ಕೆ ಅಲ್ಲಾಡುತ್ತದೆ. ಅತ್ತೆ ಅಲ್ಲಿ ಹನ್ನೊಂದು ವರ್ಷದಿಂದ ಬೆಳಗಿನ ಪಾಳಿಯಲ್ಲಿದ್ದಾಳೆ, ಆರರಿಂದ ಒಂದರವರೆಗೆ. ಒಂದು ಗಂಟೆಗೆ ಸಂಜೆ ಪಾಳಿಯವನು ಬರುತ್ತಾನೆ. ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳಾಗಿತ್ತು, ಸೀಟಿ ಊದಿ ಮಕ್ಕಳನ್ನು ಹೆದರಿಸುತ್ತಿದ್ದುದರಿಂದ ಎಲ್ಲರೂ ಅವನನ್ನು ಸೀಟಿ ಎಂದೇ ಕರೆಯುತ್ತಿದ್ದರು. ಅತ್ತೆಯನ್ನು ಬಾಯಿತುಂಬ "ಅಕ್ಕ" ಎನ್ನುತ್ತಿದ್ದ. ಅವಳಿಗೆ ಆ ಬಾಯಿತುಂಬುವಿಕೆಯ ಮೇಲೇ ಅನುಮಾನವಿತ್ತು.

ಕ್ಲಬ್ಬಿನಲ್ಲಿ ಋತುವಿಗೊಂದು ಚಾಲೆಂಜ್ ಇಡುತ್ತಾರೆ. ಬೇಸಿಗೆಯಲ್ಲಿ ಹೋಟೆಲ್ಲಿನ ಹಿಂದಿನ ಗುಡ್ಡ ಹತ್ತುವುದು, ಮಳೆ ಹಿಡಿದಾಗ ಜಿಮ್ಮಿನ ಸೈಕಲ್ ತುಳಿಯುವುದು. ಈ ಸಲದ ಚಳಿಗಾಲದ್ದು "ಕೊಲ್ಲಿ ದಾಟೋಣ". ಕೌಂಟರಿನ ಪಕ್ಕದ ಬೋರ್ಡಿನಲ್ಲಿ ಮ್ಯಾನೇಜರ್ ನೀಲಿ ಕಾಗದದ ಸಮುದ್ರ ಅಂಟಿಸಿದ. ಈ ದಡದಿಂದ ಆ ದಡಕ್ಕೆ ಮೂವತ್ತು ಕಿಲೋಮೀಟರ್. ಅಷ್ಟು ದೂರವನ್ನು ಆರು ವಾರದಲ್ಲಿ ಕೊಳದಲ್ಲೇ ಈಜಿ ಮುಗಿಸಬೇಕು. ಒಬ್ಬೊಬ್ಬ ಸದಸ್ಯರಿಗೂ ಒಂದೊಂದು ಕಾಗದದ ದೋಣಿ. ಕೆಳಗೆ ದಪ್ಪ ಅಕ್ಷರದಲ್ಲಿ: ಪ್ರತಿ ಸುತ್ತಿಗೆ ಒಂದು ಗುರುತು. ಒಟ್ಟು ೧೫೦೦ ಸುತ್ತು. ಗುರುತು ಹಾಕುವುದು ಆಯಾ ಪಾಳಿಯವರ ಕೆಲಸ.

ಇಷ್ಟೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಉತ್ಸಾಹ ಬರಲಿ ಎಂದು ಮ್ಯಾನೇಜರ್ ಇನ್ನೊಂದು ಮಾತು ಸೇರಿಸಿದ: ಯಾವ ಪಾಳಿಯ ದೋಣಿ ಮೊದಲು ದಡ ಮುಟ್ಟುತ್ತದೋ, ಆ ಪಾಳಿಯವರಿಗೆ ಕೊಳದ ಸೂಪರ್‌ವೈಸರ್ ಕೆಲಸ. ಆ ಕೆಲಸ ತನಗೆ ಸಿಗಬೇಕೆಂದು ಅತ್ತೆ ನಾಲ್ಕು ವರ್ಷದಿಂದ ಕಾಯುತ್ತಿದ್ದಳು.

ಬೆಳಗಿನವರಲ್ಲಿ ಮುಂದಿದ್ದವರು ಹಲ್ಲಿನ ಡಾಕ್ಟರಮ್ಮ. ಮೀನಿನ ಹಾಗೆ ಈಜುವ ಹೆಂಗಸು. ಸಂಜೆಯವರಲ್ಲಿ ಅಂಚೆ ಕಚೇರಿಯ ಗುಮಾಸ್ತರು. ನೀರಿಗಿಂತ ಹೆಚ್ಚು ಗಾಳಿಯನ್ನೇ ಬಡಿಯುವ ಮನುಷ್ಯ. ಆದರೂ ಮೂರನೇ ವಾರದ ಹೊತ್ತಿಗೆ ಗುಮಾಸ್ತರ ದೋಣಿ ಅರ್ಧ ಸಮುದ್ರ ದಾಟಿತ್ತು, ಡಾಕ್ಟರಮ್ಮನದು ಕಾಲು ಭಾಗ ದಾಟಿ ಅಲ್ಲೇ ತೇಲುತ್ತಿತ್ತು.

"ಇದೇನ್ರೀ, ನನ್ ದೋಣಿಗೆ ತೂತು ಬಿದ್ದಿದ್ಯಾ?" ಎಂದರು ಡಾಕ್ಟರಮ್ಮ, ತಲೆ ಒರೆಸಿಕೊಳ್ಳುತ್ತ.

"ತೂತು ನಿಮ್ ದೋಣಿಗಲ್ಲ ಡಾಕ್ಟ್ರೇ," ಎಂದಳು ಅತ್ತೆ. "ಬೇರೆ ಕಡೆ ಬಿದ್ದಿದೆ. ನಾನು ಹುಡುಕ್ತೀನಿ."

ಆ ದಿನ ಮನೆಗೆ ಬಂದು ಊಟ ಮಾಡಿ, ನಾಲ್ಕೂವರೆಯ ಬಸ್ಸಿಗೆ ಮತ್ತೆ ಹೊರಟಳು. ಕೊಡೆ ಮರೆತು ಬಂದಿದ್ದೇನೆ ಎಂದಳು. ಕೊಡೆ ಬಾಗಿಲ ಹಿಂದೆ ನೇತಾಡುತ್ತಿದ್ದುದನ್ನು ನಾನು ನೋಡಿದೆ.

ಕೊಳದ ಮೂಲೆಯಲ್ಲಿ ಟವೆಲ್ ಜೋಡಿಸುವ ಕಪಾಟಿದೆ. ಅದರ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ. ಅಲ್ಲಿ ಒಂದೂವರೆ ಗಂಟೆ ನಿಂತು, ಟವೆಲ್ಲುಗಳ ಸಂದಿಯಿಂದ ಎಣಿಸಿದಳು. ಗುಮಾಸ್ತರು ಇಪ್ಪತ್ತು ಸುತ್ತು ಈಜಿದರು. ಸೀಟಿ ಬೋರ್ಡಿನ ಮುಂದೆ ನಿಂತು ನಲವತ್ತು ಹಾಕಿದ. ಸಂಜೆಯವರಲ್ಲೇ ಇನ್ನೊಬ್ಬಳು, ಬೇಕರಿಯವಳು, ಹದಿನೈದು ಈಜಿದಳು, ಅವಳಿಗೆ ಮೂವತ್ತು ಹಾಕಿದ. ಬೆರಳು ಮಡಚಿ ಎಣಿಸಿದ್ದರಿಂದ ತಪ್ಪುವ ಮಾತೇ ಇರಲಿಲ್ಲ.

"ಕಣ್ಣಾರೆ ಕಂಡೆ ಅಣ್ಣ," ಎಂದು ಸಂಜೆ ಅಪ್ಪನಿಗೆ ಹೇಳಿದಳು. "ಬಾಯಿಗೆ ಬಂದಷ್ಟು ಬರೆಯಲ್ಲ ಅವನು. ಸರಿಯಾಗಿ ಎರಡರಷ್ಟು. ಸುಳ್ಳಲ್ಲೂ ಎಷ್ಟು ಅಚ್ಚುಕಟ್ಟು ನೋಡು!"

"ನೀನು ಅವನನ್ನೇ ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳಿದ್ರೆ ನಾಳೆಯಿಂದ ಹುಷಾರಾಗ್ತಾನೆ."

ಮರುದಿನ ಬೆಳಿಗ್ಗೆಯೇ ಮ್ಯಾನೇಜರಿಗೆ ದೂರು ಕೊಟ್ಟಳು. ಒಂದು ಗಂಟೆಗೆ ಅವನು ಇಬ್ಬರನ್ನೂ ಕೋಣೆಗೆ ಕರೆಸಿದ. ವಯಸ್ಸಿನಲ್ಲಿ ಅತ್ತೆಗಿಂತ ಹತ್ತು ವರ್ಷ ಚಿಕ್ಕವನು, ಟೈ ಬಿಗಿಯಾದಷ್ಟೂ ಮಾತು ಬಿಗಿ.

"ಗುಮಾಸ್ತರು ನಿನ್ನೆ ಎಷ್ಟು ಸುತ್ತು ಈಜಿದ್ರು?"

"ನಲವತ್ತು ಸಾರ್," ಎಂದ ಸೀಟಿ.

"ಇವರು ಇಪ್ಪತ್ತು ಅಂತಾರೆ."

ಸೀಟಿ ಅತ್ತೆಯ ಕಡೆ ತಿರುಗಿದ. "ಅಕ್ಕ, ನೀವು ಎಲ್ಲಿದ್ರಿ?"

"ಟವೆಲ್ ಕಪಾಟಿನ ಹಿಂದೆ."

ಅವನು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಆಮೇಲೆ ಒಂದು ಮಾತೂ ಆಡಲಿಲ್ಲ. ತಪ್ಪು ಮಾಡಿದವರು ಹೀಗೇ ಸುಮ್ಮನಾಗುವುದು ಎಂದು ಅತ್ತೆ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. ಚಾಲೆಂಜ್ ಮುಗಿಯುವ ತನಕ ಮನೆಯಲ್ಲಿರು, ಆಮೇಲೆ ಕೆಲಸಕ್ಕೆ ಇಟ್ಟುಕೊಳ್ಳುವುದೋ ಬಿಡುವುದೋ ನೋಡೋಣ ಎಂದ ಮ್ಯಾನೇಜರ್. ಸೀಟಿ ಕೊರಳಿಂದ ಸೀಟಿ ತೆಗೆದು ಮೇಜಿನ ಮೇಲಿಟ್ಟು ಹೊರಟ. ಅದರ ದಾರ ನಿನ್ನೆಯ ನೀರಿಗೆ ಇನ್ನೂ ಒದ್ದೆಯಾಗಿತ್ತು.

ಅಲ್ಲಿಂದ ಎರಡೂ ಪಾಳಿ ಅತ್ತೆಯ ಮೈಮೇಲೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಕೊಳಕ್ಕೆ ಬಾಗಿಲು ಹಾಕಿ ಅವಳಿಗೆ ಊಟಕ್ಕೆ ಬಿಟ್ಟರು. ಮೊದಲ ಸಂಜೆಯೇ ಬೇಕರಿಯವಳು ನೀರಿನಿಂದ ಮೇಲೆ ಬಂದು ಬೋರ್ಡು ನೋಡಿ ನಿಂತುಬಿಟ್ಟಳು.

"ಅಕ್ಕ, ಇದೇನು ಇಪ್ಪತ್ತು? ಅರ್ಧ ನುಂಗಿಬಿಟ್ರಾ?"

"ಅವನ ಹಾಗೆ ಬರೆಯೋಕೆ ನನಗೆ ಬರಲ್ಲಮ್ಮ. ಇಪ್ಪತ್ತು ಈಜಿದ್ರೆ ಇಪ್ಪತ್ತೇ."

"ಅಯ್ಯೋ, ನಾನೇ ಎಣಿಸಿದೀನಿ! ಒಂದು ಟ್ರೇಗೆ ಇಪ್ಪತ್ತು ಬನ್ನು. ಆ ಗೋಡೆ ಮುಟ್ಟಿದ್ರೆ ಒಂದು ಬನ್ನು, ಈ ಗೋಡೆ ಮುಟ್ಟಿದ್ರೆ ಇನ್ನೊಂದು. ಇವತ್ತು ಸರಿಯಾಗಿ ಎರಡು ಟ್ರೇ ಬೇಯಿಸಿ ಮೇಲೆ ಬಂದೆ."

"ಹೋಗಿ ಬಂದ್ರೆ ತಾನೇ ಒಂದು ಸುತ್ತು?"

"ಯಾರು ಹೇಳಿದ್ದು? ನಾವು ಮೊದಲ ದಿನದಿಂದ ಹೀಗೇ. ಗೋಡೆ ಮುಟ್ಟಿದ್ರೆ ಒಂದು."

ಅತ್ತೆ ಬೇಕರಿಯವಳ ಮೇಲೂ ಅನುಮಾನಪಡಲು ನೋಡಿದಳಂತೆ, ಇವಳಿಗೂ ಅವನಿಗೂ ಏನಾದರೂ ಒಳಗೊಳಗೆ ಇದೆಯೋ ಎಂದು. ಅದು ಯಾಕೋ ನಿಲ್ಲಲಿಲ್ಲ. ಎರಡರಷ್ಟು ಎಂಬುದೊಂದೇ ತಲೆಯಲ್ಲಿ ತಿರುಗಿತು.

ಮರುದಿನ ಮಧ್ಯಾಹ್ನ ಮನೆಗೆ ಬಂದವಳು ಕೈಕಾಲು ತೊಳೆಯುವ ಮೊದಲೇ ನನ್ನ ಮೇಜಿನ ಹತ್ತಿರ ಬಂದಳು.

"ಪುಟ್ಟಿ, ಮೂವತ್ತು ಕಿಲೋಮೀಟರಲ್ಲಿ ಇಪ್ಪತ್ತು ಮೀಟರು ಎಷ್ಟು ಸಲ ಬರುತ್ತೆ?"

"ಯಾಕತ್ತೆ?"

"ಮಾಡು ಅಂದ್ರೆ ಮಾಡು. ಕೊಳದ ಉದ್ದ ಇಪ್ಪತ್ತು ಮೀಟರು."

ನೋಟ್‌ಬುಕ್ಕಿನ ಅಂಚಿನಲ್ಲಿ ಮಾಡಿದೆ. ಸಾವಿರದ ಐನೂರು.

"ಇನ್ನೊಂದ್ಸಲ ಮಾಡು."

ಮಾಡಿದೆ. ಪೆನ್ನು ಕಿತ್ತುಕೊಂಡು ತಾನೇ ಒಂದು ಸಲ ಮಾಡಿದಳು. ಸಾವಿರದ ಐನೂರೇ. ಬೋರ್ಡಿನಲ್ಲಿ ಮ್ಯಾನೇಜರ್ ಬರೆದದ್ದೂ ಅದೇ. ಅಂದರೆ ಅವನ ಪ್ರಕಾರವೂ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋದರೆ ಒಂದು ಸುತ್ತು. ಸೀಟಿ ಬರೆದಿದ್ದು ಸರಿ. ಮೂರು ವಾರಕ್ಕೂ ಮಿಕ್ಕಿ ತನ್ನ ಪಾಳಿಯವರ ಈಜಿನಲ್ಲಿ ಅರ್ಧ ಹೊಡೆದವಳು ಅತ್ತೆ, ಕಟ್ಟುನಿಟ್ಟಾಗಿ, ಬೆರಳು ಮಡಚಿ.

ಅಪ್ಪ ಕೇಳಿಸಿಕೊಂಡು ಹೇಳಿದ: "ಇದು ಬೇರೆ ಯಾರಿಗೂ ಹೊಳೆದಿಲ್ಲ ತಾನೆ? ನಾಳೆಯಿಂದ ಗೋಡೆಗೊಂದು ಹಾಕ್ತಾ ಹೋಗು. ಬೇಕರಿಯವಳೂ ಸುಮ್ಮನಾಗ್ತಾಳೆ. ಅವನು ಇನ್ನೂ ಸಣ್ಣ ವಯಸ್ಸಿನವನು, ಎಲ್ಲಾದರೂ ಕೆಲಸ ಸಿಗುತ್ತೆ. ನಿನಗೆ ಇನ್ನೆಲ್ಲಿ ಸಿಗುತ್ತೆ?"

"ನಾನು ಸೂಪರ್‌ವೈಸರ್ ಆದ್ರೆ ನಿನಗೆ ನೆಂಟರ ಮುಂದೆ ಹೇಳ್ಕೊಳೋಕೆ ಆಗುತ್ತೆ, ಅದಕ್ಕೆ ಹೇಳ್ತಿದೀಯ," ಎಂದಳು ಅತ್ತೆ.

"ನೋಡಿದ್ಯಾ," ಎಂದು ಅಪ್ಪ ಅಮ್ಮನ ಕಡೆ ತಿರುಗಿದ. "ಒಳ್ಳೇದಕ್ಕೆ ಹೇಳಿದ್ರೂ ನನ್ನ ಮೇಲೇ ಕೇಸು."

ಅಮ್ಮ ಈ ಸಲ ನಗಲಿಲ್ಲ. "ಅವಳಿಗೇ ಬಿಡಿ," ಎಂದಳು.

ಮೂರು ಗಂಟೆಗೆ ಕೊಳದ ಬಾಗಿಲು ತೆರೆಯುವ ಮುಂಚೆ ಅತ್ತೆ ಮ್ಯಾನೇಜರ್ ಕೋಣೆಗೆ ಹೋದಳು. ನಿಂತೇ ಹೇಳಿದಳು. ಅವನು ಕುರ್ಚಿಗೊರಗಿ ಕೇಳಿದ. ಮೇಜಿನ ಮೇಲಿದ್ದ ಕಾಗದದಲ್ಲಿ ಏನೋ ಗೀಚಿದ, ಕೂಡಿಸಿದ, ನಕ್ಕ.

"ಅಂದ್ರೆ ಈಗ ನಿಮ್ಮ ಬೆಳಗಿನವರದ್ದೆಲ್ಲ ಡಬಲ್ ಮಾಡ್ಬೇಕು. ಮಾಡಿದ್ರೆ ಡಾಕ್ಟರಮ್ಮ ಗುಮಾಸ್ತರನ್ನ ದಾಟಿ ಮುಂದೆ ಹೋಗ್ತಾರೆ. ನಿಮ್ಮ ಪಾಳಿ ಗೆಲ್ಲುತ್ತೆ. ಎದುರಾಳಿ ಮನೇಲಿ ಕೂತಿದಾನೆ." ಪೆನ್ನಿನ ಮುಚ್ಚಳ ಹಾಕಿದ. "ಚೆನ್ನಾಗಿ ಯೋಚನೆ ಮಾಡಿದೀರಿ."

ಅತ್ತೆಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಎದುರಿಗಿದ್ದವನ ಕಣ್ಣು ಕಿರಿದಾಗಿತ್ತು. ತನ್ನ ಕಣ್ಣು ಹಾಗಾಗುವಾಗ ಹೇಗೆ ಕಾಣುತ್ತದೆ ಎಂದು ಅವಳು ಯಾವತ್ತೂ ನೋಡಿಕೊಂಡಿರಲಿಲ್ಲ.

"ಆ ಕೆಲಸ ನನಗೆ ಬೇಡ ಸಾರ್," ಎಂದಳು. "ಬರೆದುಕೊಡ್ತೀನಿ. ಡಾಕ್ಟರಮ್ಮನಿಗೆ ಅವರು ಈಜಿದ್ದು ಸಲ್ಲಬೇಕು. ಅವನನ್ನ ಕರೆಸಿ."

"ಬರೆದುಕೊಡಿ ಹಾಗಾದ್ರೆ."

ಬರೆದುಕೊಟ್ಟಳು. ಆಗಲೂ ಅವನು ಅದನ್ನು ಎರಡು ಸಲ ಓದಿ, ಬೆಳಕಿಗೆ ಹಿಡಿದು, ಡ್ರಾಯರಿನಲ್ಲಿಟ್ಟ.

ಫೋನ್ ಮಾಡಿ ಕರೆಸುತ್ತೇವೆ ಎಂದರೂ ಅವಳು ಕೇಳಲಿಲ್ಲ. ಭಾನುವಾರ ಕೊಳಕ್ಕೆ ಅರ್ಧ ದಿನ ರಜೆ. ಸೀಟಿಯ ಮನೆ ಹುಡುಕಿಕೊಂಡು ಹೋದಳು, ಜೊತೆಗೆ ನನ್ನನ್ನೂ ಎಳೆದುಕೊಂಡು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಬಾಗಿಲು ತೆರೆದ ಅವನ ಹೆಂಡತಿ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಬನ್ನಿ ಅನ್ನಲಿಲ್ಲ. "ಕಪಾಟಿನ ಹಿಂದಿನವರು ಬಂದಿದಾರೆ ನೋಡಿ," ಎಂದು ಕೂಗಿ ಹೋದಳು.

ಸೀಟಿ ಮೆಟ್ಟಿಲ ಮೇಲೇ ನಿಂತು ಕೇಳಿಸಿಕೊಂಡ. ಅತ್ತೆ ಸುತ್ತಿನ ವಿಷಯ, ಬನ್ನಿನ ವಿಷಯ, ಎಲ್ಲ ಹೇಳಿದಳು.

"ನೀವು ಕೆಲಸಕ್ಕೋಸ್ಕರ ಸುಳ್ಳು ಹೇಳ್ತಿದೀರ ಅಂದ್ಕೊಂಡೆ ಅಕ್ಕ," ಎಂದ ಅವನು. "ಅದಕ್ಕೇ ಬಾಯಿ ಮುಚ್ಕೊಂಡೆ. ಹನ್ನೊಂದು ವರ್ಷದವರ ಮುಂದೆ ನನ್ನ ಮಾತು ಯಾರು ಕೇಳ್ತಾರೆ?"

"ನಾನೂ ನಿನ್ನ ಬಗ್ಗೆ ಅದನ್ನೇ ಅಂದ್ಕೊಂಡಿದ್ದು."

"ಒಂದು ಮಾತು ಕೇಳಿದ್ದಿದ್ರೆ?"

"ಕೇಳಬೇಕಿತ್ತು," ಎಂದಳು ಅತ್ತೆ. ಅವಳ ಬಾಯಲ್ಲಿ ಆ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಸೋಮವಾರ ಅವನು ಕೆಲಸಕ್ಕೆ ಬಂದ. ಡಾಕ್ಟರಮ್ಮನ ದೋಣಿ ಒಂದೇ ದಿನದಲ್ಲಿ ಗುಮಾಸ್ತರದನ್ನು ದಾಟಿ ಮುಂದೆ ಹಾರಿದ್ದನ್ನು ನೋಡಿ ಸಂಜೆಯವರು ಒಂದು ವಾರ ಗುಸುಗುಸು ಮಾಡಿದರು. ಗುಮಾಸ್ತರು ಅತ್ತೆಯ ಜೊತೆ ಮಾತು ಬಿಟ್ಟರು. ಆರನೇ ವಾರ ಡಾಕ್ಟರಮ್ಮ ದಡ ಮುಟ್ಟಿದಾಗ ಕೈ ತಟ್ಟಿದವರು ಕಡಿಮೆ. ಸೂಪರ್‌ವೈಸರ್ ಕೆಲಸವನ್ನು ಮ್ಯಾನೇಜರ್ ಸೀಟಿಗೆ ಕೊಟ್ಟ.

ಈಗ ದಿನವೂ ಒಂದು ಗಂಟೆಗೆ ಅತ್ತೆ ತನ್ನ ಪಾಳಿಯನ್ನು ಅವನಿಗೆ ಒಪ್ಪಿಸುತ್ತಾಳೆ. ನೀರಿನಲ್ಲಿ ಔಷಧಿ ಎಷ್ಟಿದೆ ಎಂದು ಪರೀಕ್ಷೆ ಮಾಡಿ ಅವಳು ಬರೆದಿರುತ್ತಾಳೆ. ಅವನು ಆ ಪುಟವನ್ನು ಓದಿ, ಬದಿಗಿಟ್ಟು, ಸಣ್ಣ ಗಾಜಿನ ಕೊಳವೆ ಹಿಡಿದು ಕೊಳದ ಅಂಚಿನಲ್ಲಿ ಬಗ್ಗುತ್ತಾನೆ. ಅವಳ ಎದುರಿಗೇ ನೀರು ತುಂಬಿಸಿ, ಎರಡು ಹನಿ ಬಿಟ್ಟು, ಬಣ್ಣ ಏರುವುದನ್ನು ಕಾಯುತ್ತಾನೆ. ಅಕ್ಕ ಎಂದು ಕರೆಯುತ್ತಾನೆ, ಆದರೆ ಮೊದಲಿನ ಹಾಗೆ ಬಾಯಿತುಂಬ ಅಲ್ಲ.

"ಇದು ಅವಮಾನ ಅಲ್ವಾ?" ಎಂದು ಅಮ್ಮ ಒಮ್ಮೆ ಕೇಳಿದಳು.

"ಅವನ ಜಾಗದಲ್ಲಿ ನಾನಿದ್ದಿದ್ರೆ ಮೂರು ಸಲ ನೋಡ್ತಿದ್ದೆ ಅತ್ತಿಗೆ," ಎಂದಳು ಅತ್ತೆ.

ಬಸ್ಸು ಹೊರಡಲು ಐದೇ ನಿಮಿಷವಿದ್ದರೂ ಅವಳು ಅವಸರ ಮಾಡುವುದಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಕಾಯುತ್ತಾಳೆ. ಸರಿ ಇದೆ ಎಂದು ಅವನು ಬಾಯಿಬಿಟ್ಟು ಹೇಳಿದ ಮೇಲೆಯೇ ಬಾಗಿಲ ಕಡೆ ತಿರುಗುತ್ತಾಳೆ.