ಅಕ್ಕಿಯ ಸ್ಕೋನು, ಮಾಮಿಯ ಅಂಗೈ

ಒಂದು ಕಡೆ ಸುಮ್ಮನೆ ಕೂರುವುದು ನನಗೆ ಯಾವತ್ತೂ ಬರಲಿಲ್ಲ. ಬಂದರಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದವಳು ಹಿತ್ತಿಲಿಗೆ ಹತ್ತು ಸಲ, ಬಾವಿಕಟ್ಟೆಗೆ ಹತ್ತು ಸಲ ಓಡಾಡುತ್ತಿದ್ದೆ. "ನಿನ್ನ ಕಾಲಿಗೆ ಚಕ್ರ ಉಂಟಾ ಮಾರಾಯ್ತಿ?" ಎಂದು ನನ್ನ ಗಂಡನ ತಾಯಿ ಕೇಳುತ್ತಿದ್ದರು. ಅವರನ್ನು ನಾನು ಮಾಮಿ ಎಂದು ಕರೆಯುತ್ತಿದ್ದೆ. ಆದರೆ ಅರವತ್ತರ ದಶಕದ ನಡುವಿನ ಆ ಒಂದು ವರ್ಷ ನನ್ನ ಓಡಾಟಕ್ಕೆ ಕಾರಣವಿತ್ತು. ನನ್ನ ನಾಲ್ಕು ವರ್ಷದ ಮಗಳು ಕಣ್ಣೆದುರೇ ಸೊರಗುತ್ತಿದ್ದಳು.

ಅಕ್ಕಿ ಸಾಕಷ್ಟು ಸಿಗದೆ ರೇಷನ್ನಿನಲ್ಲಿ ಗೋಧಿ ಕೊಡುತ್ತಿದ್ದ ಕಾಲ ಅದು. ಹುಟ್ಟಿದಾಗಿನಿಂದ ಗಂಜಿ, ಅಕ್ಕಿರೊಟ್ಟಿ ತಿಂದವರು ನಾವು. ಬೈದುಕೊಂಡೇ ಚಪಾತಿ ತಟ್ಟಿದೆವು, ಬೈದುಕೊಂಡೇ ತಿಂದೆವು. ಉಳಿದವರಿಗೆಲ್ಲ ಅದು ದಕ್ಕಿತು. ಮಗಳಿಗೆ ಮಾತ್ರ ಹೊಟ್ಟೆ ಉಬ್ಬರಿಸಿತು, ಭೇದಿ ಹಿಡಿಯಿತು, ಕೈಕಾಲು ಕಡ್ಡಿಯಾದವು. ಓಮದ ನೀರು ಕುಡಿಸಿದೆ. ಮಸೀದಿಯ ಮುಸ್ಲಿಯಾರರು ಮಂತ್ರಿಸಿ ಕೊಟ್ಟ ನೀರನ್ನೂ ಕುಡಿಸಿದೆ. ಕೊನೆಗೆ ಹೊರದೇಶದಿಂದ ಬಂದಿದ್ದ ಒಬ್ಬ ಡಾಕ್ಟರಮ್ಮನ ಬಳಿಗೆ ಎತ್ತಿಕೊಂಡು ಓಡಿದೆ.

ಡಾಕ್ಟರಮ್ಮ ಮಗುವಿನ ಹೊಟ್ಟೆ ಒತ್ತಿ ನೋಡಿ, ಏನೇನು ತಿನ್ನುತ್ತಾಳೆ ಎಂದು ಒಂದೊಂದಾಗಿ ಕೇಳಿದರು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇದೆ, ಅದು ಈ ಮಗುವಿನ ಕರುಳಿಗೆ ಆಗದು ಎಂದರು. "ಗೋಧಿ ಬೇಡ, ಮೈದಾ ಬೇಡ, ರವೆ ಬೇಡ. ಒಂದು ಚೂರೂ ಬೇಡ," ಎಂದು ತಮ್ಮ ತೊದಲು ಕನ್ನಡದಲ್ಲಿ ಮೂರು ಸಲ ಹೇಳಿದರು. ಮಗಳ ಕಣ್ಣು ಮಾತ್ರ ಅವರ ಮೇಜಿನ ಮೇಲಿದ್ದ ತಟ್ಟೆಯ ಮೇಲೆಯೇ ಇತ್ತು. ಅದರಲ್ಲಿ ಚಹಾದ ಜೊತೆ ತಿನ್ನಲು ತಂದ, ಮೇಲ್ಗಡೆ ಕೆಂಪಗೆ ಬೆಂದ ದಪ್ಪ ರೊಟ್ಟಿಯಂಥದ್ದು ಎರಡು ಇದ್ದವು. ಕರಿಮೆಣಸಿನ ಘಮ ಬರುತ್ತಿತ್ತು. ಅದಕ್ಕೆ ಸ್ಕೋನ್ ಎಂದು ಹೆಸರು, ಮೈದಾದ್ದು, ಕೊಡುವ ಹಾಗಿಲ್ಲ ಎಂದು ಅವರು ತಟ್ಟೆಗೆ ಬಟ್ಟೆ ಮುಚ್ಚಿದರು. ಅಲ್ಲಿಂದ ಬಂದರಿನವರೆಗೆ ಮಗಳು ಅತ್ತಳು. "ಅಳಬೇಡ, ಅದನ್ನೇ ನಾನು ಅಕ್ಕಿಯಲ್ಲಿ ಮಾಡಿ ಕೊಡ್ತೇನೆ," ಎಂದುಬಿಟ್ಟೆ. ಬಾಯಿಂದ ಮಾತು ಬಿದ್ದ ಮೇಲೆ ನನಗೆ ನಿದ್ದೆಯೇ ಇಲ್ಲ.

ಮನೆಯಿಂದ ಗೋಧಿಯನ್ನು ಓಡಿಸಿದೆ. ಮಾಮಿ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ ಬಿಸ್ಕಿಟಿನ ಡಬ್ಬಿಯನ್ನೂ ಬಿಡಲಿಲ್ಲ, ಪಕ್ಕದ ಮನೆಗೆ ಕೊಟ್ಟೆ. ಮಾಮಿ ಅಂದಿನಿಂದ ಬರೀ ಚಹಾ ಕುಡಿದರು. ಗಂಡ ಒಣಮೀನಿನ ವ್ಯಾಪಾರಿ. ಗದ್ದೆ ಇದ್ದ ನೆಂಟರಿಂದ ಅಷ್ಟಿಷ್ಟು ಅಕ್ಕಿ ತಂದು ಹಾಕಿದರು. ತಿಂಗಳೊಳಗೆ ಮಗಳ ಹೊಟ್ಟೆ ಇಳಿಯಿತು, ನಗು ಬಂತು. ನಗು ಬಂದದ್ದೇ ಸ್ಕೋನು ಎಲ್ಲಿ ಎಂದು ಕೇಳಿದಳು.

ಅಕ್ಕಿಗೆ ಅಂಟಿಲ್ಲ ಎನ್ನುವುದೇ ಅವಳಿಗೆ ಒಳ್ಳೆಯದು, ನನಗೆ ಅದೇ ಕೇಡು. ಬೆಳ್ತಿಗೆ ಅಕ್ಕಿ ನೆನೆಸಿ, ಆರಿಸಿ, ಕುಟ್ಟಿ, ಜರಡಿ ಹಿಡಿದು ಮಾಡಿದ ಮೊದಲನೆಯ ಸ್ಕೋನು ಮುಟ್ಟಿದರೆ ಪುಡಿಪುಡಿ. ಎರಡನೆಯದು ಬೋಳು ಕಲ್ಲು. ಮಾಮಿ ಬಂದು ನೋಡಿ, "ಪತ್ತಿರಿಗೆ ಮಾಡುವ ಹಾಗೆ ಅರ್ಧ ಹಿಟ್ಟನ್ನು ಬಿಸಿನೀರಲ್ಲಿ ಬೇಯಿಸಿಕೋ. ನಿನಗೆ ಅಷ್ಟೂ ಗೊತ್ತಿಲ್ವಾ?" ಎಂದರು. ನಮ್ಮ ತೆಳ್ಳಗಿನ ಅಕ್ಕಿರೊಟ್ಟಿಗೆ ಪತ್ತಿರ್ ಎನ್ನುತ್ತೇವೆ. ಅವರು ಹೇಳಿದಂತೆ ಮಾಡಿ, ಮೊಟ್ಟೆ, ಹುಳಿ ಮೊಸರು, ಚಿಟಿಕೆ ಸೋಡ, ಈರುಳ್ಳಿ, ಹಸಿಮೆಣಸು, ಕರಿಬೇವು, ಹುರಿದು ಪುಡಿ ಮಾಡಿದ ಒಣ ಸೀಗಡಿ ಸೇರಿಸಿದೆ. ಹಿಟ್ಟು ಒಂದಾಯಿತು. ಆ ಸಂತೋಷಕ್ಕೆ ಮಾಮಿಯ ಕೆನ್ನೆ ಹಿಂಡಿದೆ.

ಬೇಯಿಸಲು ಓವನ್ ಯಾರ ಮನೆಯಲ್ಲಿತ್ತು? ಹಿತ್ತಿಲ ಒಲೆಯ ಮೇಲೆ ಅಗಲದ ತಾಮ್ರದ ಪಾತ್ರೆ, ಅದರೊಳಗೆ ಮರಳು, ಮರಳಿನ ಮೇಲೆ ತಟ್ಟೆ. ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ. ಬಿಸಿ ಹೊರಗೆ ಹೋಗದಂತೆ, ಬಿರಿಯಾನಿಗೆ ಮಾಡುವ ಹಾಗೆಯೇ, ಹಿಟ್ಟನ್ನು ಹಗ್ಗದಂತೆ ಹೊಸೆದು ಪಾತ್ರೆಯ ಬಾಯಿಗೂ ಮುಚ್ಚಳಕ್ಕೂ ನಡುವೆ ಮೆತ್ತುತ್ತಿದ್ದೆ. ಬೆಂದ ಮೇಲೆ ಕತ್ತಿಯಿಂದ ಎಬ್ಬಿಸಿದರೆ ಅದು ಚಕ್ಕೆಚಕ್ಕೆಯಾಗಿ ಬರುತ್ತಿತ್ತು. ಮಗಳು ಕೆಂಡದ ಹತ್ತಿರ ಸುಳಿಯಬಾರದೆಂದು ಆ ಚಕ್ಕೆಗಳನ್ನು ಅವಳ ಲಂಗದ ಮಡಿಲಿಗೆ ಹಾಕಿ, "ಹೋಗು, ಕೋಳಿಗೆ ಹಾಕಿ ಬಾ," ಎಂದು ಕಳಿಸುತ್ತಿದ್ದೆ.

ಒಂದು ದಿನ ಬಿಟ್ಟು ಒಂದು ದಿನ ಸ್ಕೋನು ಬೇಯಿಸಿದೆ. ಮಗಳು ಖುಷಿಯಿಂದ ತಿಂದಳು. ಮೂರನೆಯ ವಾರಕ್ಕೆ ಅವಳ ಹೊಟ್ಟೆ ಮತ್ತೆ ಉಬ್ಬಿತು.

ನನಗೆ ತಲೆ ಕೆಟ್ಟುಹೋಯಿತು. ಸೀಗಡಿ ಬಿಟ್ಟೆ. ಮೊಟ್ಟೆ ಬಿಟ್ಟೆ. ಸೋಡ ಬಿಟ್ಟೆ. ಪಾತ್ರೆಗೆಲ್ಲ ಬೂದಿ ಹಾಕಿ ತಿಕ್ಕಿದೆ. ಡಾಕ್ಟರಮ್ಮ ತೂಕ ನೋಡಿ, "ಯಾರೋ ಗೋಧಿ ಕೊಡ್ತಿದ್ದಾರೆ," ಎಂದರು. ಯಾರು ಎಂದು ಹುಡುಕುವುದೇ ನನ್ನ ಕೆಲಸವಾಯಿತು. ಗಂಡ ಮನೆಗೆ ಬಂದರೆ ಜೇಬು ತಡಕುತ್ತಿದ್ದೆ. ಮಗಳು ಪಕ್ಕದ ಮನೆಗೆ ಹೋದರೆ ಬೇಲಿಯಾಚೆ ನಿಂತು ಇಣುಕುತ್ತಿದ್ದೆ. ಅಕ್ಕಿ ಕುಟ್ಟುತ್ತಿದ್ದವಳು ಒನಕೆ ಬಿಟ್ಟು ಎದ್ದುಹೋಗಿ, ಮಲಗಿದ ಮಗುವಿನ ಬಾಯಿ ಮೂಸಿ ಬರುತ್ತಿದ್ದೆ.

ಒಂದು ಮಧ್ಯಾಹ್ನ ಮಗಳು ಮಾಮಿಯ ಮಡಿಲಿನಿಂದ ಇಳಿದು ಬಂದಳು. ಅವಳ ತುಟಿಯ ಮೂಲೆಯಲ್ಲಿ ಬೆಂದ ಹಿಟ್ಟಿನ ಚೂರು ಅಂಟಿತ್ತು. ಅದು ಸ್ಕೋನಿನದ್ದಲ್ಲ, ಅಷ್ಟು ನನಗೆ ಗೊತ್ತಾಗುತ್ತದೆ. ಅಂದು ಮನೆಗೆ ನೆಂಟರು ಬಂದಿದ್ದರು, ಚಾವಡಿ ತುಂಬ ಹೆಂಗಸರಿದ್ದರು. ನಾನು ಯಾರನ್ನೂ ನೋಡಲಿಲ್ಲ.

"ಕೈ ತೋರಿಸಿ ಮಾಮಿ," ಎಂದೆ.

"ಎಂತದಕ್ಕೆ?"

"ಬಿಸ್ಕಿಟ್ ಕೊಟ್ರಲ್ಲ, ಅದಕ್ಕೆ. ಕೈ ತೋರಿಸಿ."

ಮಾಮಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಎರಡೂ ಅಂಗೈ ಬಿಚ್ಚಿ ಮುಂದೆ ಚಾಚಿದರು. ವೀಳ್ಯದೆಲೆಗೆ ಹಚ್ಚಿದ ಸುಣ್ಣದ ಬಿಳಿ ಬಿಟ್ಟರೆ ಏನೂ ಇರಲಿಲ್ಲ. ಅಷ್ಟಕ್ಕೇ ಬಿಡಬಾರದಿತ್ತೇ ನಾನು? ಬಗ್ಗಿ, ಎಲ್ಲರ ಎದುರು, ಆ ಕೈಗಳನ್ನು ಮೂಸಿ ನೋಡಿದೆ.

ಮರುದಿನ ಬೆಳಿಗ್ಗೆ ಅವರು ಬಟ್ಟೆ ಗಂಟು ಕಟ್ಟಿಕೊಂಡು ಸುರತ್ಕಲ್ಲಿನಲ್ಲಿದ್ದ ತಮ್ಮ ಮಗಳ ಮನೆಗೆ ಹೋದರು. ಗಂಡ ನನ್ನೊಡನೆ ಮಾತು ಬಿಟ್ಟರು. ಹೋದರೆ ಹೋಗಲಿ, ಇನ್ನು ಮಗು ಗುಣವಾಗುತ್ತದೆ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಮಗು ಗುಣವಾಗಲಿಲ್ಲ. ಎರಡು ವಾರ ಕಳೆದರೂ ಇಲ್ಲ. ಮಾಮಿ ಇಲ್ಲದ ಮನೆಯಲ್ಲಿ ಬೈಯಲು ಯಾರೂ ಉಳಿಯಲಿಲ್ಲ, ಭಯ ಮಾತ್ರ ಉಳಿಯಿತು.

ಒಂದು ದಿನ ಸ್ಕೋನು ಬೆಂದ ಮೇಲೆ ಎಂದಿನಂತೆ ಪಾತ್ರೆಯ ಬಾಯಿಯ ಹಿಟ್ಟು ಎಬ್ಬಿಸಿ ಮಗಳನ್ನು ಕಳಿಸಿದೆ. ಕೆಂಡ ತೆಗೆದುಹಾಕಲು ಬೂದಿಯ ಬಕೆಟ್ಟು ಹುಡುಕುತ್ತ ಕೋಳಿಗೂಡಿನ ಹಿಂಬದಿಗೆ ಹೋದೆ. ಅವಳು ಕುಕ್ಕರಗಾಲಿನಲ್ಲಿ ಕೂತು ಕೋಳಿಯೊಡನೆ ಮಾತಾಡುತ್ತಿದ್ದಳು.

"ಇದು ನಿನಗೆ. ಇದು ನನಗೆ."

ಒಂದು ಚಕ್ಕೆ ಕೋಳಿಗೆ, ಒಂದು ಅವಳ ಬಾಯಿಗೆ. ಕಟುಂ ಎಂದು ಸದ್ದಾಯಿತು. ಆ ಹಿಟ್ಟು ರೇಷನ್ನಿನ ಗೋಧಿಯದ್ದು. ಮಗು ತಿನ್ನಬಾರದ್ದನ್ನು ಇನ್ನೇನು ಮಾಡುವುದು ಎಂದು ಅದನ್ನು ಸೌದೆಯ ಮೂಲೆಯ ಡಬ್ಬಿಯಲ್ಲಿ ಇಟ್ಟು, ಪಾತ್ರೆಗೆ ಮೆತ್ತಲೆಂದೇ ಬಳಸುತ್ತಿದ್ದೆ. ಅಡುಗೆಮನೆಯಲ್ಲಿ ಗೋಧಿಯ ಕಾಳೊಂದು ಇರದಂತೆ ಗುಡಿಸಿದವಳಿಗೆ ಅದು ನೆನಪಿಗೇ ಬರಲಿಲ್ಲ. ನಮ್ಮ ಮನೆಗಳಲ್ಲಿ ಅದನ್ನು ತಿನ್ನುವ ಹಿಟ್ಟೆಂದು ಯಾರೂ ಎಣಿಸುವುದಿಲ್ಲ, ಗೋಡೆಗೆ ಮೆತ್ತುವ ಗಾರೆಯ ಲೆಕ್ಕ. ಒಳಗಿನ ಹಬೆ, ಈರುಳ್ಳಿ, ಕರಿಬೇವಿನ ಘಮ ಎಲ್ಲ ಹೀರಿ ಅದು ಗರಿಗರಿಯಾಗಿ ಬೆಂದಿರುತ್ತಿತ್ತು. ನಾನೂ ಒಂದು ಚೂರು ಬಾಯಿಗೆ ಹಾಕಿಕೊಂಡೆ. ನನ್ನ ಸ್ಕೋನಿಗಿಂತ ಅದೇ ರುಚಿಯಾಗಿತ್ತು. ಅಲ್ಲೇ ಕೂತು ಜೋರಾಗಿ ಅತ್ತೆ, ಕೋಳಿಗಳು ಚದುರಿ ಓಡಿದವು.

ಮಾರನೆಯ ದಿನ ಪಾತ್ರೆಯ ಬಾಯಿಗೆ ಕೆಮ್ಮಣ್ಣು ಮೆತ್ತಿ ಸ್ಕೋನು ಬೇಯಿಸಿ, ಬಾಳೆಲೆಯಲ್ಲಿ ಕಟ್ಟಿ, ಮಗಳನ್ನು ಕರೆದುಕೊಂಡು ಸುರತ್ಕಲ್ ಬಸ್ಸು ಹತ್ತಿದೆ. ಸೀಟು ಸಿಕ್ಕಿದರೂ ಕೂರಲಾಗಲಿಲ್ಲ, ನಿಂತೇ ಹೋದೆ. ಮಾಮಿ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. "ಕೊಟ್ಟದ್ದು ನಾನೇ ಮಾಮಿ. ನನ್ನ ಕೈಯಿಂದಲೇ," ಎಂದೆ.

ಅವರು ಬಾಳೆಲೆ ಬಿಚ್ಚಿ, ಸ್ಕೋನು ಮುರಿದು ಬಾಯಿಗೆ ಹಾಕಿಕೊಂಡರು. "ಉಪ್ಪು ಸಾಲದು," ಎಂದರು. ಅದೇ ಸಂಜೆಯ ಬಸ್ಸಿಗೆ ನಮ್ಮ ಜೊತೆ ಹೊರಟರು. ಕ್ಷಮಿಸಿದರು ಎಂದು ನನ್ನ ಜೀವ ಹಗುರವಾಯಿತು.

ಮನೆಗೆ ಬಂದ ಮೇಲೆ ಮಗು ಎತ್ತಿಕೋ ಎಂದು ಓಡಿ ಹೋದಾಗ ಮಾಮಿ ತಡೆದು ನಿಂತರು. ನನ್ನ ಕಡೆಗೆ ತಿರುಗಿ ಎರಡೂ ಅಂಗೈ ಬಿಚ್ಚಿ ತೋರಿಸಿ, ಆಮೇಲೆ ಅವಳನ್ನು ಎತ್ತಿಕೊಂಡರು. "ಬೇಡ ಮಾಮಿ," ಎಂದೆ. "ಇರಲಿ, ನೋಡಿಬಿಡು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎರಡು ದಿನ ಜಗಳವಾಡಿ ಮುಗಿಸುತ್ತಿದ್ದೆ.

ಮಗಳು ಮೈ ತುಂಬಿಕೊಂಡಳು, ಸ್ಕೂಲಿಗೆ ಹೋದಳು, ಅಜ್ಜಿ ಎತ್ತಿಕೊಳ್ಳಲಾರದಷ್ಟು ದೊಡ್ಡವಳಾದಳು. ಮಾಮಿ ಮಾತ್ರ ಅವಳಿಗೆ ಏನಾದರೂ ಕೊಡುವ ಮೊದಲು ನನಗೆ ಕೈ ತೋರಿಸುವುದನ್ನು ಬಿಡಲಿಲ್ಲ. ಕೊನೆಗೊಮ್ಮೆ ಹಾಸಿಗೆ ಹಿಡಿದು, ನೆನಪು ತಪ್ಪಿ, ಮಗನನ್ನೂ ಗುರುತಿಸದಾದರು. ಆಗಲೂ ನಾನು ಗಂಜಿ ಹಿಡಿದು ಕೋಣೆಯೊಳಗೆ ಕಾಲಿಟ್ಟರೆ ಹೊದಿಕೆಯ ಅಡಿಯಿಂದ ಎರಡೂ ಕೈ ಹೊರಗೆ ಬಂದು ಬಿಚ್ಚಿಕೊಳ್ಳುತ್ತಿದ್ದವು. ಗಂಜಿ ಕೆಳಗಿಟ್ಟು, ಆ ಬೆರಳುಗಳನ್ನು ಒಂದೊಂದಾಗಿ ಮಡಚಿ ಹಿಡಿದು ಕೂರುತ್ತಿದ್ದೆ. ನಾನು ಕೈ ಬಿಟ್ಟ ಕೂಡಲೇ ಅವರು ಮತ್ತೆ ಬಿಚ್ಚಿ ತೋರಿಸುತ್ತಿದ್ದರು.