ಸರ್ವೆ ನಂಬರಿಲ್ಲದ ಬೀಜ

ರಮಾಬಾಯಿಗೆ ಸಿಟ್ಟು ಬಂದರೆ ಅಳು ಬರುತ್ತಿರಲಿಲ್ಲ, ಅಕ್ಷರ ದುಂಡಗಾಗುತ್ತಿತ್ತು. ಆ ದಿನ ಬಾಗಲಕೋಟೆಯ ಹಾಸ್ಟೆಲಿನಲ್ಲಿ ಕುಳಿತು ಅವಳು ತುಂಬುತ್ತಿದ್ದ ಅರ್ಜಿಯ ಅಕ್ಷರ ಎಷ್ಟು ದುಂಡಗಿತ್ತೆಂದರೆ, ಪಕ್ಕದ ಕಾಟಿನ ಆಫ್ರೀನ ಬಗ್ಗಿ ನೋಡಿ, ಇವತ್ತು ಯಾರ ಮೇಲೆ ಎಂದು ಕೇಳಿದಳು. ಕಲಂ ಹನ್ನೊಂದರ ಮೇಲೆ ಎಂದಳು ರಮಾ.

ಕೃಷಿ, ತೋಟಗಾರಿಕೆ, ಪರಿಸರ ಓದುವ ಪದವಿ ಹುಡುಗ ಹುಡುಗಿಯರಿಗೆಂದು ಒಂದು ಟ್ರಸ್ಟು ವರ್ಷಕ್ಕೊಮ್ಮೆ ಪುರಸ್ಕಾರ ಕೊಡುತ್ತಿತ್ತು. ಗೆದ್ದವರಿಗೆ ಪದವಿ ಮುಗಿಯುವ ತನಕ ಫೀಸು, ಹಾಸ್ಟೆಲು ಎರಡೂ ಟ್ರಸ್ಟಿನವು. ರಮಾ ಬಿ.ಎಸ್ಸಿ. ಕೃಷಿಯ ಎರಡನೆಯ ವರ್ಷದಲ್ಲಿದ್ದಳು. ಅಪ್ಪ ಪಾಂಡಪ್ಪ ಇಳಕಲ್ಲಿನಲ್ಲಿ ಗ್ರಾನೈಟ್ ಕಲ್ಲು ಪಾಲಿಶ್ ಮಾಡಿ ಮಾಡಿ, ಕೆಮ್ಮು ಕಟ್ಟಿಕೊಂಡು ಮನೆ ಸೇರಿದ್ದ. ಈ ಪುರಸ್ಕಾರ ಬಂದರೆ ಮೂರನೆಯ ವರ್ಷ ಉಂಟು, ಬರದಿದ್ದರೆ ಅವ್ವನ ಜೊತೆ ಕಳೆ ತೆಗೆಯುವುದು ಉಂಟು. ಅದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಅಧ್ಯಯನಕ್ಕೆ ಆರಿಸಿಕೊಂಡಿದ್ದು ತನ್ನೂರಿನ ಹಿಂಗಾರಿ ಬಿಳಿಜೋಳ. ಹುನಗುಂದದ ಎರೆಮಣ್ಣಿನಲ್ಲಿ ಒಂದು ಮಳೆಯ ಹಸಿ ಸಿಕ್ಕರೂ ನಿಲ್ಲುವ, ರೊಟ್ಟಿ ಮೆತ್ತಗಾಗುವ, ಕಣಿಕೆಯನ್ನು ದನ ಬಿಡದೆ ತಿನ್ನುವ ಜೋಳ. ಗೋಣಿತಟ್ಟಿನಲ್ಲಿ ನೂರು ಕಾಳು ಇಟ್ಟು ನೀರು ಚಿಮುಕಿಸಿದರೆ ತೊಂಬತ್ನಾಲ್ಕು ಮೊಳೆತಿದ್ದವು. ಎಲ್ಲ ಬರೆದಾಗಿತ್ತು. ಹನ್ನೊಂದನೆಯ ಕಲಂ ಮಾತ್ರ ಅಡ್ಡ ನಿಂತಿತ್ತು: 'ತಳಿಯನ್ನು ಉಳಿಸಿಕೊಂಡು ಬಂದ ರೈತನ ಹೆಸರು ಮತ್ತು ಜಮೀನಿನ ಸರ್ವೆ ನಂಬರು.'

ಉಳಿಸಿಕೊಂಡು ಬಂದವಳು ಅವಳ ಅವ್ವ ಹನಮವ್ವ. ಹನಮವ್ವನಿಗೆ ಹೊಲವೆಂಬುದು ಒಂದು ಗೇಣೂ ಇರಲಿಲ್ಲ. ಸುಗ್ಗಿಯಲ್ಲಿ ಮಂದಿಯ ಹೊಲದಲ್ಲಿ ಜೋಳ ಕಿತ್ತು, ಕೂಲಿಗೆಂದು ತೆನೆ ತರುತ್ತಿದ್ದಳು. ಉಳಿದ ಹೆಂಗಸರು ಅದನ್ನು ಬಡಿದು ಹಿಟ್ಟು ಮಾಡಿಸಿದರೆ ಇವಳು ಮೊದಲು ಅಂಗಳದಲ್ಲಿ ಹರಡಿಕೊಂಡು ಕೂರುತ್ತಿದ್ದಳು. ಕಾಳು ತುಂಬಿದ, ಹುಳ ಮುಟ್ಟದ ತೆನೆಗಳನ್ನು ಬೇರೆ ತೆಗೆದು, ಕಾಳಿಗೆ ಬೂದಿ ಕಲಸಿ, ಬೇವಿನ ಎಲೆ ಹಾಕಿ, ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಹಸಿವಿದ್ದ ವರ್ಷವೂ ಆ ಗಡಿಗೆಗಳಿಗೆ ಕೈ ಹಾಕಿದವಳಲ್ಲ. ಹೊಲವಿಲ್ಲದವಳಿಗೆ ಬೀಜದ ಹುಚ್ಚು ಎಂದು ಊರೆಲ್ಲ ನಗುತ್ತಿತ್ತು. ನಕ್ಕ ಊರೇ ಬಿತ್ತಿಗೆಯ ಹೊತ್ತಿಗೆ ಅವಳ ಬಾಗಿಲಿಗೆ ಬರುತ್ತಿತ್ತು.

ಬರುತ್ತಿದ್ದುದಾದರೂ ಹೇಗೆ? ಗಂಡಸರು ಬರುತ್ತಿರಲಿಲ್ಲ. ಹಳ್ಳ ದಾಟಿ ಅವಳ ಓಣಿಗೆ ಹೋಗಿ ಕೂಲಿಯವಳ ಮುಂದೆ ಸೆರಗೊಡ್ಡುವ ಕೆಲಸವನ್ನು ಮನೆಯ ಹೆಂಗಸರಿಗೆ ಬಿಟ್ಟಿದ್ದರು. ಅವರು ಸಂಜೆ ಮಬ್ಬಿನಲ್ಲಿ ಬಂದು, ಉಡಿಯಲ್ಲಿ ಬೀಜ ಕಟ್ಟಿಕೊಂಡು, ಸುಗ್ಗಿಯಾದ ಮೇಲೆ ಅಷ್ಟೇ ತಂದು ಸುರಿದು ಹೋಗುತ್ತಿದ್ದರು. ಇದರ ಜೊತೆಗೆ ಒಂದು ನಂಬಿಕೆ ಬೇರೆ: ಬೀಜ ತಂದ ಮನೆಯ ಹೆಸರು ಬಾಯಿಬಿಟ್ಟರೆ ಕಣದಲ್ಲಿ ರಾಶಿ ಹುಲುಸಾಗುವುದಿಲ್ಲ. ಈ ನಂಬಿಕೆಯನ್ನು ಹುಟ್ಟಿಸಿದವರು ಯಾರೋ ಏನೋ, ಭಾರಿ ಜಾಣರು. ಅದರಿಂದಾಗಿ ಮೂವತ್ತು ವರ್ಷ ಊರಿನ ಮೀಸೆಗಳು ಮಣ್ಣಾಗಲಿಲ್ಲ, ಹನಮವ್ವನ ಹೆಸರೂ ಹೊರಬೀಳಲಿಲ್ಲ.

ಕಾಲೇಜಿನಲ್ಲಿ ರಮಾಳ ಅಧ್ಯಯನ ನೋಡಿಕೊಳ್ಳುತ್ತಿದ್ದ ಅನಿಲಕುಮಾರ ಸರ್ ಒಳ್ಳೆಯವರು, ಸ್ವಲ್ಪ ಪುಕ್ಕಲು. ಕಲಂ ಖಾಲಿ ಇದ್ದರೆ ಅರ್ಜಿ ಮೊದಲ ಸುತ್ತಿನಲ್ಲೇ ಬೀಳುತ್ತದೆ, ನಿಮ್ಮೂರಿನ ಯಾರಾದರೂ ಹೊಲದವರ ಹೆಸರು ಹಾಕಿಬಿಡು, ಎಲ್ಲರೂ ಹಾಗೇ ಮಾಡುತ್ತಾರೆ ಎಂದರು. ಎಲ್ಲರೂ ಮಾಡುತ್ತಾರೆ ಎಂಬ ಮಾತು ರಮಾಳಿಗೆ ಸಣ್ಣವಳಿದ್ದಾಗಿನಿಂದ ಆಗಿಬರುತ್ತಿರಲಿಲ್ಲ. ಆದರೂ ಭಾನುವಾರ ಊರಿಗೆ ಹೋದಳು.

ಅರ್ಜಿಗೆ ಹೊಲವಿರುವ ರೈತನ ಹೆಸರು ಬೇಕಂತೆ ಎಂಬ ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು. ಅವ್ವ ಹೆಚ್ಚಾಗಿ ದುಡಿಯುವುದು ಅಂದಪ್ಪ ಗೌಡರ ಹೊಲದಲ್ಲಿ. ಗೌಡರು ಕಟ್ಟೆಯ ಮೇಲೆ ಕುಳಿತೇ ಅವಳನ್ನು ಕರೆದರು.

"ಹೆಸರ ನಂದ ಹಾಕ ತಂಗಿ, ಸರ್ವೆ ನಂಬರ ಕೊಡ್ತೇನಿ. ನೀ ಏನ ಹೊರಗಿನಾಕಿ? ಮನಿ ಮಗಳಿದ್ದಂಗ."

ಮನೆ ಮಗಳು ಆ ಮನೆಯ ಹೊಸ್ತಿಲನ್ನು ಇವತ್ತಿನವರೆಗೆ ದಾಟಿರಲಿಲ್ಲ ಎಂಬುದು ಬೇರೆ ಮಾತು. ರಮಾ ಸಮಾಧಾನದಿಂದಲೇ ಹೇಳಿದಳು, ಹೆಸರು ಅವ್ವನದೇ ಹಾಕುತ್ತೇನೆ, ನೀವು ಅವ್ವನಿಂದ ಬೀಜ ತಂದು ಬಿತ್ತಿದ್ದೀರಿ ಎಂದು ಒಂದು ಸಹಿ ಕೊಟ್ಟರೆ ಸಾಕು ಎಂದು. ಗೌಡರ ಮುಖ ಗಂಟಾಯಿತು.

"ಆ ಬೀಜ ನಮ್ಮ ಹೊಲದ್ದು. ನಿಮ್ಮವ್ವ ನಮ್ಮಲ್ಲೆ ಕೂಲಿಗೆ ಬಂದಾಗ ಒಯ್ದದ್ದು."

"ಕೂಲಿ ಕೊಟ್ಟ ಮ್ಯಾಲ ಅದು ನಿಮ್ಮದು ಹ್ಯಾಂಗ ಆಗ್ತದ್ರಿ ಗೌಡ್ರ?"

ಗೌಡರು ಎದ್ದು ಒಳಗೆ ಹೋದರು. ರಮಾ ಅಲ್ಲೇ ನಿಂತಳು.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಗೋಡೆ. ಹನಮವ್ವನೇ ಒಲ್ಲೆ ಎಂದಳು. ಆ ನಂಬಿಕೆ ಊರಿಗಿಂತ ಅವಳಲ್ಲೇ ಗಟ್ಟಿಯಾಗಿತ್ತು. ಈಗ ಜೋಳ ಹೊಲದಲ್ಲಿ ಹೊಡೆ ಹಾಯ್ದು ತೆನೆ ಬಿಡುತ್ತಿದೆ, ಈ ಹೊತ್ತಿನಲ್ಲಿ ಹೆಸರು ಹೊರಬಿದ್ದು ಮಂದಿಯ ರಾಶಿ ಕೆಟ್ಟರೆ ಪಾಪ ಯಾರಿಗೆ ಎಂದು ಕೇಳಿದಳು. ರಮಾಳಿಗೆ ಅವ್ವನ ಮೇಲೆ ಅವತ್ತು ಬಂದಷ್ಟು ಸಿಟ್ಟು ಗೌಡರ ಮೇಲೂ ಬಂದಿರಲಿಲ್ಲ.

"ಮೂವತ್ತ ವರ್ಸ ನಿನ್ನ ಹೆಸರ ಯಾರೂ ಹೇಳಲಿಲ್ಲ. ಅದಕ್ಕ ಬರ ಬರೂದು ಬಿಟ್ಟೈತೇನಬೇ?"

ಹನಮವ್ವ ಗಡಿಗೆಗಳ ಮುಂದೆ ಹೋಗಿ ಕುಳಿತು, ಒಂದೊಂದರ ಬಾಯಿಯನ್ನೂ ಸವರಿ ನೋಡಿದಳು. ಆಮೇಲೆ ಎದ್ದು, ಯಾರ್ಯಾರ ಮನೆಯವರು ಬೀಜ ಒಯ್ದಿದ್ದಾರೆಂದು ಬೆರಳು ಮಡಚಿ ಹೇಳತೊಡಗಿದಳು. ಮೂವತ್ತೊಂದು ಮನೆ. ಅಕ್ಷರ ಬಾರದ ಹೆಂಗಸು, ಒಂದನ್ನೂ ತಪ್ಪಲಿಲ್ಲ.

ಅವ್ವನ ಎಣಿಕೆ ಕೇಳುತ್ತಿದ್ದಾಗಲೇ ರಮಾಳಿಗೆ ಹೊಳೆಯಿತು. ಕಲಂ ಹನ್ನೊಂದಕ್ಕೆ ಸರ್ವೆ ನಂಬರು ಬೇಕು ತಾನೇ? ಒಂದೇಕೆ, ಮೂವತ್ತೊಂದು ಕೊಡೋಣ. ಸಹಿಗೆ ಗಂಡಸರ ಹತ್ತಿರ ಹೋಗಿದ್ದೇ ತಪ್ಪು. ಬೀಜ ಹೊತ್ತವರು ಬೇರೆ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಚಕ್ಕರ್ ಹೊಡೆದು, ನೋಟುಬುಕ್ಕು ಹಿಡಿದು ನೇರ ಗೌಡರ ಮನೆಗೇ ಹೋದಳು, ಗೌಡರಿದ್ದಾಗಲೇ. ಬಾಗಿಲಲ್ಲಿ ನಿಂತು ಗೌಡರ ಹೆಂಡತಿ ಶಿವಗಂಗವ್ವನನ್ನು ಕೂಗಿದಳು. ರೊಟ್ಟಿ ಬಡಿಯುತ್ತಿದ್ದ ಶಿವಗಂಗವ್ವ ಹಿಟ್ಟಿನ ಕೈಯಲ್ಲೇ ಬಂದು, ಹೇಳಿದ್ದನ್ನೆಲ್ಲ ಕೇಳಿ, ಒಮ್ಮೆ ಗಂಡನ ಕಡೆ ನೋಡಿದಳು. ಗೌಡರು ತಲೆ ಅಲ್ಲಾಡಿಸಿದರು, ಬೇಡ ಎಂದು.

"ಇಪ್ಪತ್ತೆರಡ ವರ್ಸ ಉಡಿಯಾಗ ಬೀಜ ತಂದಾಕಿ ನಾ," ಎಂದಳು ಶಿವಗಂಗವ್ವ. "ಸಹಿ ನಾ ಮಾಡ್ತೇನಿ."

ಕೈ ತೊಳೆದುಕೊಂಡು ಬಂದು, ಟ್ರಂಕಿನಿಂದ ಹೊಲದ ಉತಾರ, ಅಂದರೆ ಪಹಣಿ ಪತ್ರ ತೆಗೆದು, ಸರ್ವೆ ನಂಬರನ್ನು ಒಂದೊಂದೇ ಅಂಕಿ ನೋಡಿ ಬರೆದು, ಕೆಳಗೆ ಸಹಿ ಹಾಕಿದಳು. ಗೌಡರಿಗೆ ಹೆಂಡತಿಯ ಸಹಿ ಇಷ್ಟು ಚೆಂದವಿದೆ ಎಂಬುದು ಅವತ್ತೇ ಗೊತ್ತಾಗಿರಬೇಕು.

ಗೌಡರ ಮನೆಯಲ್ಲೇ ಸಹಿ ಬಿದ್ದ ಮೇಲೆ ಉಳಿದವರಿಗೆ ಧೈರ್ಯ ಬಂತು. ರಮಾ ಎರಡು ದಿನ ಮನೆ ಮನೆ ತಿರುಗಿದಳು. ಕೆಲವರು ಸಹಿ ಹಾಕಿದರು, ಹೆಚ್ಚಿನವರು ಹೆಬ್ಬೆಟ್ಟು ಒತ್ತಿದರು. ಒಬ್ಬ ಮುದುಕಿ ಸೊಸೆಯನ್ನು ಗದರಿಸಿ ಉತಾರ ತರಿಸಿದಳು. ಒಂದು ಮನೆಯಲ್ಲಿ ಹೆಂಡತಿ ಹಾಕಿದ ಸಹಿಯ ಮೇಲೆ ಗಂಡ ಪೆನ್ನು ಕಸಿದು ಗೀಟು ಎಳೆದ. ರಮಾ ಆ ಹಾಳೆಯನ್ನು ಹರಿಯಲಿಲ್ಲ, ಬೇರೆ ಬರೆಯಲೂ ಇಲ್ಲ. ಗೀಟು ಸಮೇತ ಇಟ್ಟುಕೊಂಡಳು.

ಸಂದರ್ಶನ ಜನವರಿಯಲ್ಲಿ. ಮೇಜಿನ ಆಚೆ ಮೂವರು. ಕನ್ನಡಕದ ಸದಸ್ಯರೊಬ್ಬರು ಹಾಳೆಗಳನ್ನು ತಿರುವಿ ತಿರುವಿ ನೋಡಿ, ಇದರಲ್ಲಿ ನಿಮ್ಮ ತಾಯಿಯ ಹೆಸರಿನ ಜಮೀನು ಯಾವುದು ಎಂದು ಕೇಳಿದರು. ಒಂದೂ ಅಲ್ಲ ಎಂದಳು. ಜಮೀನೇ ಇಲ್ಲದವರನ್ನು ರೈತ ಎಂದು ಹೇಗೆ ಬರೆದಿರಿ ಎಂದರು ಅವರು.

"ಹೊಲ ಅವರದ್ರಿ. ಬೀಜ ನಮ್ಮವ್ವಂದ್ರಿ. ಅಂಥಾಕಿನ್ನ ರೈತಳು ಅನ್ನಾಕ ನಿಮ್ಮ ಫಾರ್ಮಿನಾಗ ಜಾಗ ಇರಲಿಲ್ಲ, ಅದಕ್ಕ ಹಾಳಿ ಹಚ್ಚೇನ್ರಿ."

ಹೊರಗೆ ಬಾಗಿಲ ಸಂದಿಯಲ್ಲಿ ಕಿವಿ ಇಟ್ಟಿದ್ದ ಅನಿಲಕುಮಾರ ಸರ್, ಮುಗಿಯಿತು ಕತೆ ಎಂದು ಹಣೆ ಒರೆಸಿಕೊಂಡರು. ನಡುವೆ ಕುಳಿತಿದ್ದ ಅಧ್ಯಕ್ಷೆ ಮಾತ್ರ ಇಷ್ಟು ಹೊತ್ತೂ ಒಂದೇ ಹಾಳೆ ನೋಡುತ್ತಿದ್ದರು. ಈ ಒಂದು ಸಹಿಗೆ ಗೀಟು ಯಾಕಿದೆ ಎಂದು ಕೇಳಿದರು.

"ಅದು ಆಕಿ ಗಂಡ ಎಳದ ಗೀಟ್ರಿ," ಎಂದಳು ರಮಾ. "ಬೀಜ ಮಾತ್ರ ಇನ್ನೂ ಅವರ ಹೊಲದಾಗ ಐತ್ರಿ."

ಪತ್ರ ಬಂದದ್ದು ಸುಗ್ಗಿಯಲ್ಲಿ, ಹನಮವ್ವ ಜೋಳ ಕೀಳುತ್ತಿದ್ದಾಗ. ರಮಾ ಹೊಲಕ್ಕೇ ಓಡಿ ಹೋಗಿ ಬದುವಿನ ಮೇಲೆ ನಿಂತು ಓದಿದಳು. ಪುರಸ್ಕಾರ ಅವಳಿಗೇ ಬಂದಿತ್ತು. ತಳಿ ಉಳಿಸಿದ ರೈತ ಮಹಿಳೆ: ಹನಮವ್ವ. ಸರ್ವೆ ನಂಬರು: ಲಗತ್ತಿಸಿದ ಹಾಳೆಗಳಂತೆ. ಹನಮವ್ವ ಮಣ್ಣಿನ ಕೈಯಲ್ಲಿ ಕಾಗದ ಮುಟ್ಟಲಿಲ್ಲ. ತನ್ನ ಹೆಸರು ಎಲ್ಲಿದೆ ಎಂದು ದೂರದಿಂದಲೇ ತೋರಿಸಿಕೊಂಡು, ಮತ್ತೆ ಬಗ್ಗಿ ಸಾಲು ಹಿಡಿದಳು. ಆ ಸಾಲು ಮುಗಿಯುವವರೆಗೂ ಅತ್ತಳು, ಕೆಲಸ ಮಾತ್ರ ನಿಲ್ಲಿಸಲಿಲ್ಲ.

ಆ ವರ್ಷ ಊರಿನ ರಾಶಿ ಪ್ರತಿ ವರ್ಷದಷ್ಟೇ ಬಂತು. ಗೌಡರದು ಎರಡು ಚೀಲ ಹೆಚ್ಚೇ ಬಂತು. ನಂಬಿಕೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮುಂದಿನ ಬಿತ್ತಿಗೆಗೆ ಮೂರನೆಯ ವರ್ಷದ ರಮಾ ರಜೆಗೆ ಊರಿಗೆ ಬಂದಿದ್ದಳು. ಬೆಳಗಿನ ಹೊತ್ತು, ಓಣಿಯ ಮಂದಿಯೆಲ್ಲ ಹೊರಗೇ ಇದ್ದರು. ಅಂದಪ್ಪ ಗೌಡರು ಕೈಯಲ್ಲಿ ಚೀಲ ಹಿಡಿದು ಹಳ್ಳ ದಾಟಿ ಬಂದರು. ಹೆಂಡತಿ ಏಕೆ ಬರಲಿಲ್ಲವೆಂದು ಯಾರೂ ಕೇಳಲಿಲ್ಲ. ಬೇಕಾದರೆ ನೀವೇ ಹೋಗಿ ತನ್ನಿ ಎಂದು ಶಿವಗಂಗವ್ವ ಹೇಳಿದ್ದು ಆಗಲೇ ಊರೆಲ್ಲ ಹಬ್ಬಿತ್ತು. ಗೌಡರು ಹನಮವ್ವನ ಅಂಗಳದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ನಾಲ್ಕು ಮಂದಿಗೆ ಕೇಳುವ ಹಾಗೆಯೇ ಬೀಜ ಕೇಳಿದರು.

ಹನಮವ್ವ ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು. ಗಡಿಗೆಯ ಬಾಯಿ ಒಡೆದು, ಬೂದಿ ಕೇರಿ, ಚೀಲ ತುಂಬಿ ತಂದಿಟ್ಟಳು. ಗೌಡರು ಚೀಲಕ್ಕೆ ಕೈ ಹಾಕುವ ಮೊದಲು ಮಗಳ ನೋಟುಬುಕ್ಕು ಮತ್ತು ಪೆನ್ನು ಅವರ ಮುಂದೆ ಹಿಡಿದಳು.

"ಹೆಸರ ಬರೀರಿ ಗೌಡ್ರ," ಎಂದಳು. "ಸರ್ವೆ ನಂಬರ ಸುದ್ದಾ."